ಬಿಳಿ ಚಾದರ

ಬ್ಯಾಡಗಿಯ ಪೇಟೆಯಲ್ಲಿ ಫೋಟೋ ತೆಗೆಯುವವನು
ಮೊದಲು ಸೀನಬೇಕು.
ಒಂದಲ್ಲ, ಏಳು. ಎಂಟನೆಯದಕ್ಕೆ ಮೂಗು ಸೋತು ಸುಮ್ಮನಾದ ಮೇಲೆ
ಕೈ ನಡುಗದೆ ಕ್ಯಾಮೆರಾ ಹಿಡಿಯಬಹುದು.

ಸೋಮವಾರ. ಟೆಂಡರಿನ ದಿನ.
ರಾತ್ರಿಯಿಡೀ ಬಂದಿಳಿದ ಚೀಲಗಳು ಅಂಗಡಿಯ ಕಟ್ಟೆ ದಾಟಿ
ರಸ್ತೆಗೆ ಕಾಲು ಚಾಚಿವೆ.
ಡಬ್ಬಿ, ಕಡ್ಡಿ. ಸುಕ್ಕು ಹೆಚ್ಚಿದಷ್ಟೂ ಬೆಲೆ ಹೆಚ್ಚು.
ಮುಖಕ್ಕೆ ಈ ಲೆಕ್ಕ ಹಾಕುವವರು ಯಾರೂ ಇಲ್ಲ ಇಲ್ಲಿ.

ಹದಿನಾಲ್ಕು ವರ್ಷ ಈ ಪೇಟೆಯ ಚಿತ್ರ ತೆಗೆದಿದ್ದೇನೆ:
ತಗ್ಗಿದ ಬೆನ್ನು, ಬೆನ್ನ ಮೇಲಿನ ಚೀಲ, ಚೀಲಕ್ಕೆ ಚುಚ್ಚಿದ ಕೊಕ್ಕೆ,
ತಕ್ಕಡಿಯ ತಟ್ಟೆಗೆ ಬಿದ್ದು ತೂಗದೇ ಹೋದ ಬೆಳಗಿನ ಬಿಸಿಲು.
ಮೌಲಾಸಾಬ ಹೊನ್ನತ್ತಿ ತಗಡಿನ ಅಚ್ಚಿಟ್ಟು
ಚೀಲದ ಹೊಟ್ಟೆಗೆ ಕರಿ ಬಣ್ಣ ಬಳಿಯುವುದನ್ನೂ.
ಕೊಚ್ಚಿ. ಕೊಚ್ಚಿ. ಕೊಚ್ಚಿ.
‘ದಿನಾ ಇನ್ನೂರು ಚೀಲ ಬಂದರಕ್ಕ ಕಳಸ್ತೀನ್ರಿ,
ಒಂದಾದ್ರೂ ಹೊಳ್ಳಿ ಬಂದು
ಸಮುದ್ರ ಹ್ಯಾಂಗೈತಿ ಅಂತ ಹೇಳಿಲ್ಲ.’

ಇವತ್ತಿನ ಕೆಲಸ ಬೇರೆ. ಹಮಾಲರ ಗುರುತಿನ ಚೀಟಿ.
ಇಪ್ಪತ್ತಾರು ಮುಖ, ಬಿಳಿ ಹಿನ್ನೆಲೆ,
ಎರಡೂ ಕಿವಿ ಕಾಣಬೇಕೆಂದು ಕಚೇರಿಯ ಕಟ್ಟಳೆ.
ಸ್ಟುಡಿಯೋಗೆ ಬನ್ನಿ ಎಂದರೆ ಲೋಡು ಬಿಟ್ಟು ಬರುವವರಾರು?
ಮನೆಯ ಹಾಸಿಗೆಯ ಚಾದರವನ್ನೇ ಎಳೆದು ತಂದೆ.
ಗೋಡೆಗೆ ಮೊಳೆ ಹೊಡೆಯಲು ಸಾಹುಕಾರ ಬಿಡಲಿಲ್ಲ.

ಆಗ, ತೊಟ್ಟು ಬಿಡಿಸುವ ಹೆಂಗಸರ ನಡುವಿನಿಂದ
ಸೆರಗು ಕೊಡವಿ ಎದ್ದು ಬಂದಳು ಸಾವಂತ್ರವ್ವ.
ಪೇಟೆಯ ಗಂಡಸರಿಗಿಂತ ಒಂದು ಗೇಣು ಎತ್ತರ.
ಚಾದರದ ಬಲತುದಿ ಅವಳಿಗೆ.
ಎಡತುದಿ, ಸರದಿಯಲ್ಲಿ ಮುಂದಿದ್ದವನಿಗೆ.

ಚಹಾದಂಗಡಿಯ ನಿಂಗರಾಜನ ನೀಲಿ ಚೌಕಡಿ ಅಂಗಿ
ಒಂಬತ್ತು ಮಂದಿಯ ಮೈಮೇಲೆ ಹಾದುಹೋಯಿತು.
ಉಳಿದವರಿಗೆ ಅದು ಭುಜದಲ್ಲಿ ಹಿಡಿಯಲಿಲ್ಲ.

ನೆಟ್ಟಗೆ ನಿಲ್ಲು ಎಂದೆ. ಫಕ್ಕೀರಪ್ಪ ನಿಂತ,
ಕುತ್ತಿಗೆ ನಿಲ್ಲಲಿಲ್ಲ.
ಇಲ್ಲದ ಚೀಲಕ್ಕೆ ಜಾಗ ಬಿಟ್ಟುಕೊಂಡೇ ಬಾಗಿತ್ತು.
ಗದ್ದಕ್ಕೆ ಎರಡು ಬೆರಳು ಕೊಟ್ಟು ಮೆಲ್ಲಗೆ ಎತ್ತಿದೆ.
ಹದಿನಾಲ್ಕು ವರ್ಷ!
ಅವನದು ಬೆಕ್ಕಿನ ಕಣ್ಣೆಂದು ನನಗೆ ಗೊತ್ತೇ ಇರಲಿಲ್ಲ.

ಎಲ್ಲರ ಕಣ್ಣಲ್ಲೂ ನೀರು. ಘಾಟಿಗೆ.
ನಾಳೆ ಕಚೇರಿಯವರು ಕೇಳುತ್ತಾರೆ, ಬಲ್ಲೆ:
‘ಇದೇನ್ರೀ, ಎಲ್ಲಾರೂ ಮಣ್ಣಿಗೆ ಹೋಗಿ ಬಂದಂಗ ಅದಾರ?’

ರಾತ್ರಿ ಕಂಪ್ಯೂಟರಿನ ಮುಂದೆ ಅಂಚು ಕತ್ತರಿಸುತ್ತ ಕೂತೆ.
ಪ್ರತಿ ಚಿತ್ರದ ಬಲತುದಿಗೂ ಅದೇ ಬೆರಳುಗಳು,
ಕಪ್ಪುಗಟ್ಟಿದ ಹೆಬ್ಬೆರಳ ಉಗುರು,
ಮಣಿಕಟ್ಟಿನಲ್ಲಿ ಹಚ್ಚೆಯ ಚೇಳು, ಎರಡು ಹಸಿರು ಬಳೆ.
ಮೂರನೆಯ ಚಿತ್ರದಲ್ಲಿ ಬಿಗಿಮುಷ್ಟಿ.
ಹದಿನೇಳರಲ್ಲಿ ಚಾದರ ಸ್ವಲ್ಪ ಜೋತಿದೆ.
ಇಪ್ಪತ್ತರಲ್ಲಿ ಕೈ ಬದಲಿಸಿದ್ದಾಳೆ, ಚೇಳಿಲ್ಲ.
ಕತ್ತರಿಸಿದೆ.
ಇಪ್ಪತ್ತಾರು ಸಲ.

ತೊಟ್ಟು ಬಿಡಿಸುವವರಿಗೆ ಚೀಟಿ ಇಲ್ಲ.
ಅವಳು ನನ್ನದೊಂದು ತೆಗಿ ಎನ್ನಲಿಲ್ಲ.
ನಿನ್ನದೊಂದು ತೆಗೆಯಲೇ ಎಂದು ನಾನೂ ಕೇಳಲಿಲ್ಲ.
ಬೆಳಕು ಇತ್ತು, ಇನ್ನೂ ಅರ್ಧ ತಾಸು.
ನೆಪ ಹುಡುಕಿದೆ, ಸಿಗಲಿಲ್ಲ.

ಆ ಸಣ್ಣ ಪಟ್ಟಿಗಳನ್ನು ಎಸೆಯಲಾಗದೆ ಬೇರೆ ಇಟ್ಟೆ.
ಏನು ಹೆಸರು, ಕೇಳಿತು ಯಂತ್ರ.
‘ಅಂಚು’ ಎಂದು ಬರೆದು, ಅಳಿಸಿ,
ಅವಳ ಅಡ್ಡಹೆಸರು ಗೊತ್ತಿಲ್ಲದೆ ಹಾಗೇ ಕೂತೆ.

ಸಂಜೆ ಚಾದರ ಮಡಚಿ ಕೊಡುವಾಗ
ಎರಡೂ ಅಂಚಿಗೆ ಕೆಂಪು ಬೆರಳ ಗುರುತು,
ಬಲಗಡೆ ಹೆಚ್ಚು.
ಅವಳೇ ನೋಡಿ ಹೇಳಿದ್ದಳು:
‘ಬಿಸಿನೀರಾಗ ಹಾಕಬ್ಯಾಡ್ರಿ ಮತ್ತ, ಖಾರ ಏಳತೈತಿ.
ತಣ್ಣೀರಾಗ ಅದ್ದಿ ಒಂದೀಟು ಹೊತ್ತು ಬಿಡ್ರಿ.
ಮನ್ಯಾಗ ಕೂಸು ಇದ್ರ
ಎರಡ ದಿನ ಅದರ ಮ್ಯಾಲೆ ಮಲಗಸಬ್ಯಾಡ್ರಿ.’